ಎಣ್ಣೆ ಜಾಸ್ತಿ ಹಾಕಿದರೆ ಇಂಜಿನ್ನಿಗೆ ಒಳ್ಳೆಯದೇ? ಹುಲ್ಲು ಹೊಡೆಯುವ ಯಂತ್ರದ ಬಗ್ಗೆ ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ಎರಡು ಎಕರೆ ಅಡಿಕೆ ತೋಟ. ನಾಲ್ಕು ವರ್ಷದ ಹಿಂದೆ ಕೊಂಡ ಟೂ ಸ್ಟ್ರೋಕ್ ಬ್ರಷ್ ಕಟರ್ ಇದೆ. ಮಳೆಗಾಲಕ್ಕೆ ಮೊದಲು ಒಂದು ಸುತ್ತು ಹುಲ್ಲು ಹೊಡೆದು ಒಳಗಿಟ್ಟಿದ್ದೆವು. ಈಗ ಅಡಿಕೆ ಕೊಯ್ಲಿಗೆ ಮುಂಚೆ ತೋಟ ಸವರೋಣವೆಂದು ತೆಗೆದರೆ, ಹಗ್ಗ ಎಳೆದು ಕೈ ಸೋತರೂ ಸ್ಟಾರ್ಟ್ ಆಗುವುದಿಲ್ಲ. ಅಪ್ಪಿತಪ್ಪಿ ಆದರೂ ಹೊಗೆ ಕಾರಿ ನಿಂತುಹೋಗುತ್ತದೆ. ಎಣ್ಣೆ ಯಾವತ್ತೂ ಕಡಿಮೆ ಹಾಕಿಲ್ಲ, ಸ್ವಲ್ಪ ಜಾಸ್ತಿಯೇ ಹಾಕಿದ್ದೇವೆ. ಇದನ್ನು ರಿಪೇರಿ ಮಾಡಿಸುವುದೋ, ಬ್ಯಾಟರಿಯದ್ದು ಕೊಳ್ಳುವುದೋ?

ಉತ್ತರ: ರಿಪೇರಿ ಮಾಡಿಸಿ. ಎರಡು ಎಕರೆ ತೋಟವನ್ನು ಬ್ಯಾಟರಿ ಯಂತ್ರ ಒಂದರಿಂದಲೇ ನಿಭಾಯಿಸುವುದು ಸದ್ಯಕ್ಕೆ ಕಷ್ಟ. ಅದರ ಲೆಕ್ಕವನ್ನು ಮುಂದೆ ಕೊಡುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಕೊನೆಯ ಪ್ರಶ್ನೆಯಲ್ಲ, ಅದಕ್ಕೆ ಮೊದಲು ಬರೆದಿರುವ ಆ ಒಂದು ವಾಕ್ಯ. "ಎಣ್ಣೆ ಸ್ವಲ್ಪ ಜಾಸ್ತಿಯೇ ಹಾಕಿದ್ದೇವೆ" ಎಂಬ ಈ ಮಾತನ್ನು ನಾನು ವರ್ಷವೂ ಕೇಳುತ್ತೇನೆ, ವರ್ಷವೂ ಅದೇ ಉತ್ತರ ಕೊಡುತ್ತೇನೆ, ಮುಂದಿನ ವರ್ಷ ಅದೇ ಮಾತು ಮತ್ತೆ ಬರುತ್ತದೆ. ಆದ್ದರಿಂದ ಈ ಸಲ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ.

ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಎಣ್ಣೆಗೆ ಬೇರೆ ಜಾಗವಿಲ್ಲ. ಪೆಟ್ರೋಲಿನ ಜೊತೆ ಬೆರೆತ ಎಣ್ಣೆಯೇ ಕ್ರ್ಯಾಂಕಿನ ಕೋಣೆಯನ್ನು ಹಾದು, ಬೇರಿಂಗು ಮತ್ತು ಪಿಸ್ಟನ್ನಿಗೆ ಜಿಡ್ಡು ಸವರಿ, ಕೊನೆಗೆ ಪೆಟ್ರೋಲಿನ ಜೊತೆಯಲ್ಲೇ ಸುಟ್ಟು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಎಣ್ಣೆ ಹಾಕುವುದನ್ನು ಮರೆತರೆ ಕೆಲವೇ ನಿಮಿಷಗಳಲ್ಲಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುತ್ತದೆ. ಊರಿಗೊಂದಾದರೂ ಅಂಥ ಯಂತ್ರವನ್ನು ನಾವೆಲ್ಲ ನೋಡಿದ್ದೇವೆ. ಈ ತಪ್ಪು ನಂಬಿಕೆ ಹುಟ್ಟಿದ್ದು ಅಲ್ಲಿಂದಲೇ. ಕಡಿಮೆಯಾದರೆ ಇಂಜಿನ್ ಹಾಳಾಗುತ್ತದೆ ಎಂದಾದರೆ ಹೆಚ್ಚಾದಷ್ಟೂ ಕ್ಷೇಮ ಎಂದು ಮನಸ್ಸು ತಾನಾಗಿ ಲೆಕ್ಕ ಹಾಕಿಕೊಳ್ಳುತ್ತದೆ. ಹಳೆಯ ಸ್ಕೂಟರು, ಮೊಪೆಡ್ಡುಗಳ ಕಾಲದಲ್ಲಿ ಪೆಟ್ರೋಲ್ ಬಂಕಿನಲ್ಲಿ ಎಣ್ಣೆಯ ಅಳತೆ ಮುಗಿದ ಮೇಲೂ "ಇನ್ನೊಂಚೂರು ಬಿಡಪ್ಪಾ" ಎಂದು ಕೇಳಿ ಹಾಕಿಸಿಕೊಳ್ಳುತ್ತಿದ್ದ ಅಭ್ಯಾಸವೂ ಇದರ ಹಿಂದಿದೆ. ಕಡಿಮೆ ಎಣ್ಣೆ ಇಂಜಿನ್ನನ್ನು ಒಂದೇ ದಿನದಲ್ಲಿ ಕೊಲ್ಲುತ್ತದೆ, ಕಾರಣ ಎಲ್ಲರಿಗೂ ಕಾಣುತ್ತದೆ. ಹೆಚ್ಚಿನ ಎಣ್ಣೆ ಮೂರು ನಾಲ್ಕು ವರ್ಷ ತೆಗೆದುಕೊಂಡು ಕೊಲ್ಲುತ್ತದೆ, ಆಗ ತಪ್ಪನ್ನು ಯಾರೂ ಎಣ್ಣೆಯ ಮೇಲೆ ಹೊರಿಸುವುದಿಲ್ಲ. ಕಂಪನಿ ಸರಿಯಿಲ್ಲ, ಈಗಿನ ಮಾಲೇ ಹೀಗೆ ಎನ್ನುತ್ತಾರೆ.

ಹೆಚ್ಚಾದ ಎಣ್ಣೆ ಒಳಗೆ ಏನು ಮಾಡುತ್ತದೆಂದು ನೋಡಬೇಕಾದರೆ ಸೈಲೆನ್ಸರ್ ಬಿಚ್ಚಬೇಕು. ಹೋದ ವರ್ಷ ನಮ್ಮ ಪಕ್ಕದ ತೋಟದವರು ತಮ್ಮ ಯಂತ್ರವನ್ನು ನಮ್ಮ ಜಗಲಿಗೆ ತಂದಿದ್ದರು. ಎರಡು ಬೋಲ್ಟು ತೆಗೆದು ಸೈಲೆನ್ಸರ್ ಕಳಚಿದಾಗ ಸಿಲಿಂಡರಿನಿಂದ ಹೊಗೆ ಹೊರಬರುವ ಕಿಂಡಿ ಅರ್ಧಕ್ಕರ್ಧ ಮುಚ್ಚಿತ್ತು. ಆಲೆಮನೆಯ ಕೊಪ್ಪರಿಗೆಯ ತಳದಲ್ಲಿ ಸೀದು ಅಂಟಿದ ಬೆಲ್ಲದ ಹಾಗೆ, ಮಿರಮಿರ ಹೊಳೆಯುವ ಗಟ್ಟಿ ಕರಿ. ಸೈಲೆನ್ಸರಿನ ಬಾಯಿಯಲ್ಲಿ ಕಿಡಿ ತಡೆಯುವ ಸಣ್ಣ ತಂತಿಬಲೆ ಇರುತ್ತದೆ. ಅದರ ಒಂದು ತೂತಿನಲ್ಲೂ ಬೆಳಕು ಕಾಣುತ್ತಿರಲಿಲ್ಲ. ಉಸಿರು ಹೊರಬಿಡಲು ದಾರಿಯಿಲ್ಲದ ಇಂಜಿನ್ ಹೊಸ ಉಸಿರನ್ನು ಎಳೆದುಕೊಳ್ಳುವುದು ಹೇಗೆ? ನಿಮ್ಮ ಯಂತ್ರ ಹೊಗೆ ಕಾರಿ ನಿಲ್ಲುವುದಕ್ಕೆ ಒಂದು ಕಾರಣ ಇದೇ ಆಗಿರಬಹುದು. ಅದೇ ಕರಿ ಪಿಸ್ಟನ್ನಿನ ರಿಂಗು ಕೂರುವ ತೋಡಿನೊಳಗೂ ಸೇರಿ ರಿಂಗನ್ನು ಅಂಟಿಸಿಬಿಡುತ್ತದೆ. ಆಗ ಸಿಲಿಂಡರಿನೊಳಗಿನ ಒತ್ತಡ (ಕಂಪ್ರೆಶನ್) ಸೋರಿ, ಹಗ್ಗ ಎಳೆಯುವಾಗ ಇರಬೇಕಾದ ಬಿಗಿ ಕೈಗೆ ಸಿಗುವುದಿಲ್ಲ.

ಬಹಳ ಜನ ನಂಬದಿರುವ ಇನ್ನೊಂದು ಸಂಗತಿಯಿದೆ. ಎಣ್ಣೆ ಹೆಚ್ಚಾದರೆ ಇಂಜಿನ್ ತಂಪಾಗುವುದಿಲ್ಲ, ಹೆಚ್ಚು ಬಿಸಿಯಾಗುತ್ತದೆ. ಕಾರ್ಬುರೇಟರಿನ ಜೆಟ್ ಎಂಬ ಸಣ್ಣ ತೂತಿಗೆ ಪೆಟ್ರೋಲ್ ಯಾವುದು, ಎಣ್ಣೆ ಯಾವುದು ಎಂಬ ಭೇದವಿಲ್ಲ. ಅದು ಬಿಡುವುದು ಇಂತಿಷ್ಟು ದ್ರವವನ್ನು ಮಾತ್ರ. ಲೀಟರಿಗೆ 20 ಮಿಲಿ ಎಣ್ಣೆ ಬೆರೆಸುವ ಕಡೆ 80 ಮಿಲಿ ಸುರಿದರೆ ಆ ದ್ರವದಲ್ಲಿ ಪೆಟ್ರೋಲಿನ ಪಾಲು ಶೇಕಡಾ 98ರಿಂದ ಸುಮಾರು 93ಕ್ಕೆ ಇಳಿಯುತ್ತದೆ. ಅದರ ಮೇಲೆ ದ್ರವ ಮಂದವಾಗಿ ಹರಿಯುವುದೂ ನಿಧಾನವಾಗುತ್ತದೆ. ಗಾಳಿ ಅಷ್ಟೇ, ಪೆಟ್ರೋಲ್ ಕಡಿಮೆ. ಪೆಟ್ರೋಲ್ ಸಾಲದ ಮಿಶ್ರಣ ಹೆಚ್ಚು ಕಾವಿನಿಂದ ಉರಿಯುತ್ತದೆ. ಪಿಸ್ಟನ್ನಿಗೆ ರಕ್ಷಣೆಯಾಗಲೆಂದು ಹಾಕಿದ ಎಣ್ಣೆ ಪಿಸ್ಟನ್ನನ್ನೇ ಸುಡುವ ಕಡೆಗೆ ತಳ್ಳುತ್ತದೆ.

ಈಗಿನ ಪೆಟ್ರೋಲಿನಿಂದ ಈ ತೊಂದರೆ ಇನ್ನಷ್ಟು ಹೆಚ್ಚಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಈಗ ನಮ್ಮ ಹೋಬಳಿಯ ಬಂಕಿನಲ್ಲೂ ಸಿಗುವುದು ಅದೇ. ಎಥನಾಲಿನಲ್ಲಿ ಆಮ್ಲಜನಕ ಸೇರಿಯೇ ಇರುವುದರಿಂದ ಅದಕ್ಕೆ ಹೊರಗಿನ ಗಾಳಿ ಕಡಿಮೆ ಸಾಕು. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಹೆಚ್ಚುಕಡಿಮೆ 14.7 ಪಟ್ಟು ಗಾಳಿ ಬೇಕು, ಎಥನಾಲಿಗೆ 9 ಪಟ್ಟು. ಕಾರು, ಬೈಕುಗಳ ಕಂಪ್ಯೂಟರು ಇದನ್ನು ಅರಿತು ಸರಿಹೊಂದಿಸಿಕೊಳ್ಳುತ್ತದೆ. ನಮ್ಮ ಹೆಗಲ ಮೇಲಿನ ಸಣ್ಣ ಇಂಜಿನ್ನಿನ ಕಾರ್ಬುರೇಟರಿಗೆ ಆ ಬುದ್ಧಿಯಿಲ್ಲ. ಹಾಗಾಗಿ ಈ ಪೆಟ್ರೋಲ್ ಹಾಕಿದೊಡನೆ ಅದರ ಮಿಶ್ರಣ ಒಂದು ಹೆಜ್ಜೆ ಬಡವಾಗಿಯೇ, ಅಂದರೆ ಗಾಳಿಗೆ ತಕ್ಕಷ್ಟು ಇಂಧನವಿಲ್ಲದೆಯೇ, ಇರುತ್ತದೆ. ಅದಕ್ಕೆ ಮತ್ತೆ ಎಣ್ಣೆ ಸುರಿದು ಇನ್ನೊಂದು ಹೆಜ್ಜೆ ಬಡವಾಗಿಸುವುದು ಬೇಡ ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಹಾಗಾದರೆ ಎಷ್ಟು ಹಾಕಬೇಕು? ನಿಮ್ಮ ಯಂತ್ರದ ಜೊತೆ ಬಂದ ಪುಸ್ತಕ ಹೇಳಿದಷ್ಟು. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ, 40ಕ್ಕೆ 1 ಎಂದಿದ್ದರೆ 25 ಮಿಲಿ, 25ಕ್ಕೆ 1 ಎಂದಿದ್ದರೆ 40 ಮಿಲಿ. ಬಾಟಲಿಯ ಮುಚ್ಚಳ ಅಳತೆಯಲ್ಲ, ಕಣ್ಣಂದಾಜೂ ಅಳತೆಯಲ್ಲ. ಔಷಧದ ಅಂಗಡಿಯಲ್ಲಿ ಸಿಗುವ 20 ಮಿಲಿಯ ಸೂಜಿಯಿಲ್ಲದ ಸಿರಿಂಜನ್ನು ಎಣ್ಣೆಯ ಡಬ್ಬಿಗೆ ಕಟ್ಟಿಡಿ. ನಮ್ಮ ಮನೆಯಲ್ಲಿ ಒಂದು ಸಿರಿಂಜು ಅದೆಷ್ಟೋ ವರ್ಷದಿಂದ ಅಲ್ಲೇ ನೇತಾಡುತ್ತಿದೆ. ಎಣ್ಣೆಯ ಡಬ್ಬಿಯ ಮೇಲೆ ಜಾಸೋ (ಜಪಾನಿನ ಗುಣಮಟ್ಟದ ಗುರುತು) ಎಫ್‌ಸಿ ಅಥವಾ ಎಫ್‌ಡಿ ಎಂದು ಬರೆದಿರಲಿ; ಎಫ್‌ಬಿಗಿಂತ ಇವುಗಳಲ್ಲಿ ಹೊಗೆಯೂ ಕರಿಯೂ ಕಡಿಮೆ. ಬೈಕಿನ ಫೋರ್ ಸ್ಟ್ರೋಕ್ ಎಣ್ಣೆಯನ್ನು ಇದಕ್ಕೆ ಬೆರೆಸಲೇಬಾರದು, ಅದು ಸುಟ್ಟುಹೋಗಲೆಂದು ತಯಾರಾದದ್ದಲ್ಲ. ಹಾಗೆಯೇ ಮನೆಯಲ್ಲಿ ಫೋರ್ ಸ್ಟ್ರೋಕ್ ಯಂತ್ರವಿದ್ದರೆ ಅದರ ಟ್ಯಾಂಕಿಗೆ ಬರೀ ಪೆಟ್ರೋಲ್ ಹಾಕಬೇಕು. ಎಣ್ಣೆಗೆ ಅಡಿಯಲ್ಲಿ ಬೇರೆ ಕೋಣೆಯಿದೆ. ನಮ್ಮ ಕಡೆ ಹೆಚ್ಚು ಕಾಣುವ 35 ಸಿಸಿ ಹೋಂಡಾ ಇಂಜಿನ್ನಿಗೆ ಅಲ್ಲಿ ಹಿಡಿಯುವುದು 100 ಮಿಲಿ ಮಾತ್ರ. ಅಷ್ಟು ಕಡಿಮೆ ಎಣ್ಣೆ ಇರುವುದರಿಂದಲೇ ಅದನ್ನು ತಪ್ಪದೆ ಬದಲಾಯಿಸುತ್ತಿರಬೇಕು.

ನಿಮ್ಮ ಯಂತ್ರಕ್ಕೆ ಬರೋಣ. ಮಳೆಗಾಲವಿಡೀ ಟ್ಯಾಂಕಿನಲ್ಲಿ ಮಿಶ್ರಣ ಹಾಗೆಯೇ ಇತ್ತೆಂದು ನನ್ನ ಊಹೆ. ಅದನ್ನು ಪಾರದರ್ಶಕ ಗಾಜಿನ ಬಾಟಲಿಗೆ ಸುರಿದು ಅರ್ಧ ಗಂಟೆ ಬಿಟ್ಟು ಬೆಳಕಿಗೆ ಹಿಡಿಯಿರಿ. ಎಥನಾಲಿಗೆ ನೀರಿನ ಮೇಲೆ ಮೋಹ ಹೆಚ್ಚು. ಗಾಳಿಯ ತೇವವನ್ನು ಹೀರಿಯೋ, ಕ್ಯಾನಿನ ಬಾಯಿಂದ ಮಳೆಹನಿ ಸೇರಿಯೋ ನೀರು ಮಿತಿ ಮೀರಿದರೆ, ನೀರು ಮತ್ತು ಎಥನಾಲ್ ಸೇರಿ ಅಡಿಗೆ ಇಳಿದು ನಡುವೆ ಒಂದು ಗೆರೆ ಎದ್ದು ಕಾಣುತ್ತದೆ. ಟ್ಯಾಂಕಿನೊಳಗಿನ ಫಿಲ್ಟರ್ ಹೀರುವುದು ಅಡಿಯಿಂದ. ಎಣ್ಣೆ ಉಳಿದಿರುವುದು ಮೇಲಿನ ಪದರದಲ್ಲಿ. ಗೆರೆ ಕಾಣದಿದ್ದರೂ ನಾಲ್ಕು ತಿಂಗಳ ಹಳೆಯ ಮಿಶ್ರಣವನ್ನು ಮತ್ತೆ ಬಳಸಬೇಡಿ.

ಆಮೇಲೆ ಸ್ಪಾರ್ಕ್ ಪ್ಲಗ್ ತೆಗೆದು ಒರೆಸಿ. ಒದ್ದೆಯಾಗಿ ಕಪ್ಪಾಗಿದ್ದರೆ ಹೊಸದನ್ನೇ ಹಾಕಿ, ಅದರ ಬೆಲೆ ಹೆಚ್ಚೇನಲ್ಲ. ಗಾಳಿಯ ಫಿಲ್ಟರಿನ ಸ್ಪಂಜನ್ನು ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಸೈಲೆನ್ಸರ್ ಬಿಚ್ಚಿ, ಹಗ್ಗವನ್ನು ನಿಧಾನವಾಗಿ ಎಳೆದು ಪಿಸ್ಟನ್ ಆ ಕಿಂಡಿಯನ್ನು ಮುಚ್ಚುವಂತೆ ನಿಲ್ಲಿಸಿ, ಬಿದಿರಿನ ಚಕ್ಕೆಯಿಂದ ಕರಿಯನ್ನು ಕೆರೆಯಿರಿ. ಸ್ಕ್ರೂ ಡ್ರೈವರ್ ಹಾಕಿ ಕೆರೆದರೆ ಪಿಸ್ಟನ್ನಿಗೆ ಗೀರು ಬೀಳುತ್ತದೆ. ಇಷ್ಟಾದರೂ ಸ್ಟಾರ್ಟ್ ಆಗದಿದ್ದರೆ ಕಾರ್ಬುರೇಟರಿನೊಳಗಿನ ತೆಳು ಪೊರೆ ಗಟ್ಟಿಯಾಗಿದೆ, ಅಥವಾ ಪೆಟ್ರೋಲ್ ಆವಿಯಾಗಿ ಉಳಿದ ಅಂಟು ಜೆಟ್ಟನ್ನು ಕಟ್ಟಿದೆ ಎಂದಿರಬಹುದು. ಅದನ್ನು ಮೆಕ್ಯಾನಿಕ್ಕಿಗೆ ಬಿಡಿ. ಮುಂದಿನ ಸಲ ಒಳಗಿಡುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಪ್ಲಗ್ಗಿನ ತೂತಿನಿಂದ ಅರ್ಧ ಚಮಚ ಟೂ ಸ್ಟ್ರೋಕ್ ಎಣ್ಣೆ ಬಿಟ್ಟು ಹಗ್ಗವನ್ನು ಮೂರು ನಾಲ್ಕು ಬಾರಿ ಮೆಲ್ಲಗೆ ಎಳೆದಿಡಿ. ಜಾಸ್ತಿ ಎಣ್ಣೆ ಹಾಕಬೇಕೆಂಬ ಆಸೆ ಇದ್ದರೆ ಅದಕ್ಕೆ ಸರಿಯಾದ ಜಾಗ ಇದೊಂದೇ.

ಇನ್ನು ಬ್ಯಾಟರಿಯ ಲೆಕ್ಕ. 36 ವೋಲ್ಟ್, 5 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದು 180 ವ್ಯಾಟ್ ಅವರ್, ಅಂದರೆ ಒಂದು ಯೂನಿಟ್ಟಿನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ದಪ್ಪ ಕಳೆಯಲ್ಲಿ ಯಂತ್ರ 600 ವ್ಯಾಟ್ ಎಳೆದರೆ ಅದು ಬರುವುದು 18 ನಿಮಿಷ. ಅಂಗಳದ ಎಳೆ ಹುಲ್ಲಿಗೆ ನೈಲಾನ್ ದಾರ ಹಾಕಿ ಅರ್ಧ ವೇಗದಲ್ಲಿ ಓಡಿಸಿದರೆ ಅರ್ಧ ಗಂಟೆಯ ಮೇಲೆ ಸ್ವಲ್ಪ. ಒಂದು ಲೀಟರ್ ಪೆಟ್ರೋಲಿನಲ್ಲಾದರೋ ಸುಮಾರು 9 ಯೂನಿಟ್ಟಿನಷ್ಟು ಶಕ್ತಿಯಿದೆ. ಸಣ್ಣ ಇಂಜಿನ್ ಅದರಲ್ಲಿ ಹೆಚ್ಚಿನ ಪಾಲನ್ನು ಶಾಖವಾಗಿ ಕಳೆದರೂ ಉಳಿದದ್ದು ಒಂದು ಯೂನಿಟ್ ಆಗುತ್ತದೆ. ಬರಣ (ಗಿಡ ನೆಟ್ಟ ಏರುಮಡಿ), ಕಾದಿಗೆ (ನೀರು ಬಸಿಯುವ ಕಾಲುವೆ) ಇವುಗಳ ನಡುವೆ ಎರಡು ಎಕರೆ ಸವರಲು ನಾಲ್ಕೈದು ಬ್ಯಾಟರಿಗಳನ್ನು ಸರದಿಯಲ್ಲಿ ಚಾರ್ಜ್ ಮಾಡುತ್ತ ಕೂರಬೇಕು, ಅದೂ ಮಲೆನಾಡಿನ ಕರೆಂಟಿನಲ್ಲಿ. ಆದರೆ ಮನೆಯ ಸುತ್ತಲ ಐದಾರು ಗುಂಟೆಗೆ ಬ್ಯಾಟರಿ ಯಂತ್ರವೇ ಉತ್ತಮವೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಹಗ್ಗ ಎಳೆಯುವ ಕಷ್ಟವಿಲ್ಲ, ಹೊಗೆಯಿಲ್ಲ, ಕಿವಿಗೆ ಹಿಂಸೆಯಿಲ್ಲ, ಹೆಂಗಸರು, ವಯಸ್ಸಾದವರು ಯಾರ ಸಹಾಯವನ್ನೂ ಕಾಯದೆ ಬಳಸಬಹುದು.

ಕೊಳ್ಳುವಾಗ ಡಬ್ಬಿಯ ಮೇಲೆ ವೋಲ್ಟಿನ ಅಳತೆಯಂತೆ ಕಾಣುವ 48ವಿಎಫ್, 88ವಿಎಫ್ ಎಂಬ ಚೀಟಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಂದು ಲಿಥಿಯಂ ಸೆಲ್ಲು 3.6 ವೋಲ್ಟ್. ಐದು ಸೆಲ್ಲಿನ ಸಾಲು 18 ವೋಲ್ಟ್, ಪೂರ್ತಿ ತುಂಬಿದಾಗ 21. ಚಾರ್ಜರಿನ ಮೇಲೆ 21 ವೋಲ್ಟ್ ಎಂದು ಬರೆದಿದ್ದರೆ ಬ್ಯಾಟರಿಯ ಚೀಟಿ ಏನೇ ಹೇಳಲಿ, ಒಳಗಿರುವುದು 18 ವೋಲ್ಟೇ.

ಬ್ಯಾಟರಿಯ ಮಾತು ಬಂದದ್ದರಿಂದ ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ನಿಮ್ಮಲ್ಲಿ ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರ್ ಇದ್ದೇ ಇರುತ್ತದೆ, ಅದರ ಬ್ಯಾಟರಿ ಎರಡು ವರ್ಷಕ್ಕೆ ಸತ್ತುಹೋಗಿಯೂ ಇರುತ್ತದೆ. "ಬ್ಯಾಟರಿ ಸಾಮಾನು ಬಾಳಿಕೆ ಬರುವುದಿಲ್ಲ" ಎಂಬ ಮಾತಿಗೆ ನಮ್ಮಲ್ಲಿ ಆ ಸ್ಪ್ರೇಯರೇ ಸಾಕ್ಷಿ. ಅದರಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟಿನ ಸೀಸದ ಬ್ಯಾಟರಿ. ಕೊನೆಯ ಸಿಂಪಡಣೆ ಮುಗಿಸಿ ಖಾಲಿ ಬ್ಯಾಟರಿಯೊಂದಿಗೆ ಅಟ್ಟಕ್ಕೆ ಹಾಕಿದರೆ ಸೀಸದ ಫಲಕಗಳ ಮೇಲೆ ಗಂಧಕದ ಲವಣ ಗಟ್ಟಿ ಹರಳಾಗಿ ಕೂತುಬಿಡುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಕರಗುವುದಿಲ್ಲ. ಸೀಸದ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಇಡಬೇಕು, ಬಳಸದಿದ್ದರೂ ಎರಡು ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಬೇಕು. ಲಿಥಿಯಂ ಬ್ಯಾಟರಿಯದು ಬೇರೆ ಕ್ರಮ: ಪೂರ್ತಿ ತುಂಬಿಸಿಯೂ ಇಡಬಾರದು, ಪೂರ್ತಿ ಖಾಲಿಯೂ ಬಿಡಬಾರದು, ನಾಲ್ಕು ದೀಪಗಳಲ್ಲಿ ಎರಡು ಉರಿಯುವ ಮಟ್ಟಕ್ಕೆ ತಂದು, ಯಂತ್ರದಿಂದ ಕಳಚಿ, ಹೆಂಚಿನಡಿಯ ಬಿಸಿ ತಾಗದ ತಂಪು ಜಾಗದಲ್ಲಿಡಬೇಕು. ಕೆಲಸ ಮುಗಿದೊಡನೆ ಬಿಸಿಯಾಗಿರುವಾಗಲೇ ಚಾರ್ಜಿಗೆ ಚುಚ್ಚದೆ, ಮುಟ್ಟಿದರೆ ತಣ್ಣಗಾಗಿದೆ ಎನ್ನಿಸುವವರೆಗೆ ಕಾಯಬೇಕು. ಈ ಎರಡು ಕ್ರಮಗಳನ್ನು ಒಂದು ಕಾಗದದಲ್ಲಿ ಬರೆದು ಸ್ಪ್ರೇಯರ್ ನೇತುಹಾಕುವ ಗೂಟದ ಪಕ್ಕ ಅಂಟಿಸಿ. ಸಿರಿಂಜು ಕಟ್ಟಿದ ಎಣ್ಣೆಯ ಡಬ್ಬಿಯನ್ನೂ ಅಲ್ಲಿಯೇ ಇಟ್ಟರೆ ಹುಡುಕುವ ಕೆಲಸ ಉಳಿಯುತ್ತದೆ.