ಎಂಆರ್‌ಐ ನೋಡಿ ಸಿಟಿ ಊಹಿಸುವ ಯಂತ್ರ ಬಂದ ದಾರಿ

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ‘ಕರೆಂಟ್ ಕೊಡಿಸಲು’, ಅಂದರೆ ರೇಡಿಯೇಷನ್ ಚಿಕಿತ್ಸೆಗೆ, ಬರುವವರಲ್ಲಿ ಬಾಯಿ, ಗಂಟಲಿನ ಕ್ಯಾನ್ಸರ್‌ನವರು ಬಹಳ. ಎಲೆ-ಅಡಿಕೆ, ಹೊಗೆಸೊಪ್ಪಿನ ಅಭ್ಯಾಸವೇ ಇದಕ್ಕೆ ದೊಡ್ಡ ಕಾರಣ. ಇಂಥವರ ಚಿಕಿತ್ಸೆಗೆ ಮೊದಲು ಬೇಕಾದದ್ದು ಮಾಸ್ಕ್. ಬಿಸಿನೀರಿನಲ್ಲಿ ಮೆತ್ತಗಾದ ಜಾಲರಿಯಂಥ ಪ್ಲಾಸ್ಟಿಕ್ ಹಾಳೆಯನ್ನು ಮುಖದ ಮೇಲೆಳೆದು ಒತ್ತುತ್ತಾರೆ. ಆರಿದ ಮೇಲೆ ತಲೆ ಅಲುಗದಂತೆ ಅದು ಬಿಗಿಯಾಗಿ ಕೂರುತ್ತದೆ. ಅದನ್ನು ಹಾಕಿಕೊಂಡೇ ಸಿಟಿ ಸ್ಕ್ಯಾನ್, ಆಮೇಲೆ ಅದೇ ಭಂಗಿಯಲ್ಲಿ ವಾರಗಟ್ಟಲೆ ರೇಡಿಯೇಷನ್.

ಸಿಟಿಯೇ ಯಾಕೆ? 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯನ್ನು ಸ್ಕ್ಯಾನ್ ಮಾಡಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಯಂತ್ರ ಚಿತ್ರದ ಜೊತೆಗೆ ಅಳತೆಯನ್ನೂ ಕೊಟ್ಟಿತು. ಅವರ ಹೆಸರಿನ ಮಾಪಕದಲ್ಲಿ ನೀರು 0, ಗಾಳಿ -1000, ಗಟ್ಟಿ ಮೂಳೆ 1000ದ ಆಸುಪಾಸು. ಕಿರಣ ಎಲ್ಲಿ ಎಷ್ಟು ಶಕ್ತಿ ಬಿಟ್ಟುಹೋಗುತ್ತದೆ ಎಂಬ ಲೆಕ್ಕ ನಿಂತಿರುವುದು ಈ ಸಂಖ್ಯೆಗಳ ಮೇಲೆ.

ಆದರೆ ನಾಲಿಗೆಯ ಬುಡದಲ್ಲಿ ಗಡ್ಡೆ ಎಲ್ಲಿ ಮುಗಿಯಿತು, ಸ್ನಾಯು ಎಲ್ಲಿ ಶುರುವಾಯಿತು ಎಂಬುದು ಎಂಆರ್‌ಐಯಲ್ಲಿ ಕಾಣುವಷ್ಟು ಚೆನ್ನಾಗಿ ಸಿಟಿಯಲ್ಲಿ ಕಾಣದು. ಹಾಗಾಗಿ ಎರಡನ್ನೂ ತೆಗೆದು ಒಂದರ ಮೇಲೊಂದು ಕೂರಿಸುತ್ತಾರೆ. ಕತ್ತು ತುಸು ಬಾಗಿದ್ದರೂ ಅವು ಪೂರ್ತಿ ಹೊಂದುವುದಿಲ್ಲ. ಎಂಆರ್‌ಐ ಒಂದರಿಂದಲೇ ರೇಡಿಯೇಷನ್ ಪ್ಲಾನ್ ಮಾಡಬೇಕೆಂಬ ಆಸೆ ಹುಟ್ಟಿದ್ದು ಇದರಿಂದ. ತೊಡಕೆಂದರೆ, ಎಂಆರ್‌ಐ ಹಿಡಿಯುವುದು ಹೈಡ್ರೋಜನ್ನಿನ ಸಂಕೇತವನ್ನು; ಗಟ್ಟಿ ಮೂಳೆಯೂ ಗಾಳಿಯೂ ಅದರಲ್ಲಿ ಒಂದೇ ಕಪ್ಪು. ಲೆಕ್ಕಕ್ಕೆ ಬೇಕಾದ ಸಂಖ್ಯೆ ಅದರಿಂದ ನೇರವಾಗಿ ಸಿಗದು.

ಮೊದಲೆಲ್ಲ ಇಡೀ ಭಾಗಕ್ಕೆ ನೀರಿನ ಸಾಂದ್ರತೆಯನ್ನೇ ಕೊಟ್ಟು ನೋಡಿದರು; ಬೇರೆ ರೋಗಿಗಳ ಸಿಟಿಯನ್ನು ಹಿಗ್ಗಿಸಿ ಕುಗ್ಗಿಸಿ ಹೊಂದಿಸಿದರು. 2015ರಲ್ಲಿ ಚಿತ್ರಗಳನ್ನು ನೋಡಿ ಕಲಿಯುವ ಯು-ನೆಟ್ ಎಂಬ ಕಂಪ್ಯೂಟರ್ ಮಾದರಿ ಬಂದ ಮೇಲೆ ದಾರಿ ಬದಲಾಯಿತು. ಒಬ್ಬೊಬ್ಬ ರೋಗಿಯ ಎರಡೂ ಸ್ಕ್ಯಾನ್‌ಗಳನ್ನು ತೋರಿಸಿ ಕಲಿಸಿದರೆ, ಹೊಸ ಎಂಆರ್‌ಐಗೆ ತಕ್ಕ ಸಿಟಿಯನ್ನು ಕಂಪ್ಯೂಟರೇ ಊಹಿಸುತ್ತದೆ. 2017ರಲ್ಲಿ ಮೆದುಳಿನ ಸ್ಕ್ಯಾನ್‌ಗಳಲ್ಲಿ ಇದನ್ನು ಮಾಡಿ ತೋರಿಸಿದರು. ಜೋಡಿಯಿಲ್ಲದ ಚಿತ್ರಗಳಿಂದಲೂ ಕಲಿಯಬಲ್ಲ ಸೈಕಲ್‌ಗ್ಯಾನ್ ಬಂದದ್ದೂ ಅದೇ ವರ್ಷ.

ಕಲಿತದ್ದು ಯಾರ ಸ್ಕ್ಯಾನ್‌ನಿಂದ ಎಂಬುದೇ ನನ್ನ ಆತಂಕ. ಹೀಗೆ ಕೃತಕ ಸಿಟಿ ಮಾಡುವವರ ‘ಸಿಂತ್‌ರ‍್ಯಾಡ್’ ಸ್ಪರ್ಧೆಗೆ 2023ರಲ್ಲಿ ಸ್ಕ್ಯಾನ್ ಕೊಟ್ಟಿದ್ದು ನೆದರ್ಲೆಂಡ್ಸ್‌ನ ಆಸ್ಪತ್ರೆಗಳು, ಅದೂ ಮೆದುಳು ಮತ್ತು ಸೊಂಟದ್ದು. ತಲೆ-ಕತ್ತಿನ ಭಾಗ ಸೇರಿದ್ದು 2025ರಲ್ಲಿ. ದವಡೆಯ ತುಂಡು ತೆಗೆದು ಟೈಟಾನಿಯಂ ಪ್ಲೇಟ್ ಕೂರಿಸಿದವರನ್ನು ಕಂಡೇ ಇರದ ಮಾದರಿ, ಇಲ್ಲದ ಮೂಳೆಯನ್ನು ಬರೆದುಬಿಡಬಹುದು. ಚಿತ್ರ ನೋಡಲು ಚೆಂದವೇ ಇರುತ್ತದೆ, ಡೋಸ್ ಲೆಕ್ಕ ತಪ್ಪಿರುತ್ತದೆ.

ಇಲ್ಲಿನ ರೋಗಿಗಳ ಒಪ್ಪಿಗೆ ಪಡೆದು, ಹೆಸರು ಅಳಿಸಿ, ಅವರದೇ ಸ್ಕ್ಯಾನ್‌ಗಳಲ್ಲಿ ಇಂಥ ಮಾದರಿಯನ್ನು ಒರೆಗೆ ಹಚ್ಚಬೇಕು. ನಿಜ ಸಿಟಿಯ ಡೋಸ್‌ಗೂ ಕೃತಕ ಸಿಟಿಯ ಡೋಸ್‌ಗೂ ಇರುವ ವ್ಯತ್ಯಾಸವನ್ನು ಡೋಸ್ ಲೆಕ್ಕ ನೋಡಿಕೊಳ್ಳುವ ಮೆಡಿಕಲ್ ಫಿಸಿಸಿಸ್ಟ್ ನೋಡಿ ಒಪ್ಪಬೇಕು. ಅಲ್ಲಿಯವರೆಗೆ ದವಡೆಯ ಆಪರೇಷನ್ ಆದವರಿಗಂತೂ ಸಿಟಿ ತಪ್ಪಿಸಕೂಡದು.