ರೂತಳ ಮನೆಯಲ್ಲಿ ಗೂಟದ ಬೀಸುಕಲ್ಲು ಇರಲಿಲ್ಲ

ಬೈಬಲ್ಲಿನ ಹೆಣ್ಣುಮಕ್ಕಳನ್ನು ಕುರಿತು ಕಾದಂಬರಿ ಬರೆಯುವವರ ಕರಡುಗಳಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಬರುತ್ತದೆ. ನಸುಕಿನ ಹೊತ್ತು, ಸಣ್ಣ ದೀಪ, ಎದುರುಬದುರು ಕುಳಿತ ಅತ್ತೆ ಸೊಸೆ, ಇಬ್ಬರ ಕೈಯೂ ಒಂದೇ ಗೂಟದ ಮೇಲೆ, ಗರಗರ ತಿರುಗುವ ಕಲ್ಲು, ಜತೆಗೊಂದು ಹಾಡು. ಅಜ್ಜಿಮನೆಯ ರಾಗಿ ಬೀಸುವ ನೆನಪು ಹಾಗೇ ಬೇತ್ಲೆಹೇಮಿಗೆ ಹೋಗಿ ಕುಳಿತಿರುತ್ತದೆ. ಬರವಣಿಗೆ ಎಷ್ಟೇ ಚೆನ್ನಾಗಿದ್ದರೂ ಆ ಪುಟ ನಿಲ್ಲುವುದಿಲ್ಲ. ಅಬ್ರಹಾಮನ ಹೆಂಡತಿ ಸಾರಳಾಗಲಿ, ಅತ್ತೆ ನೊವೊಮಿಯ ಜತೆ ಬೇತ್ಲೆಹೇಮಿಗೆ ಬಂದ ವಿಧವೆ ರೂತಳಾಗಲಿ ಇಂಥ ಕಲ್ಲನ್ನು ಕಂಡವರಲ್ಲ.

ನಮ್ಮ ಅನುವಾದಗಳಲ್ಲಿ ‘ಬೀಸುವ ಕಲ್ಲು’ ಎಂದಿರುವುದೇ ಈ ತಪ್ಪಿನ ಬೇರು. ಪದ ಓದಿದ ಕೂಡಲೇ ಕಣ್ಣೆದುರು ಬರುವುದು ದುಂಡನೆಯ ಎರಡು ಕಲ್ಲು, ಅಂಚಿನಲ್ಲಿ ಗೂಟ, ನಡುವೆ ಕಾಳು ಸುರಿಯುವ ತೂತು. ತಿರುಗುವ ಈ ಕಲ್ಲು ಆ ನಾಡಿಗೆ ಬಂದದ್ದು ಗ್ರೀಕರ, ರೋಮನ್ನರ ಆಳ್ವಿಕೆಯ ಶತಮಾನಗಳಲ್ಲಿ. ರೂತಳ ಕಥೆ ನಡೆಯುವುದು ಇಸ್ರಾಯೇಲಿಗೆ ಇನ್ನೂ ಅರಸರಿಲ್ಲದ ನ್ಯಾಯಸ್ಥಾಪಕರ ಕಾಲದಲ್ಲಿ, ಸುಮಾರಾಗಿ ಕ್ರಿ.ಪೂ. 1200ರಿಂದ 1000ದ ನಡುವೆ. ಆಗ ಮನೆಮನೆಯಲ್ಲಿದ್ದದ್ದು ಉದ್ದನೆಯ ಒಂದು ಹಾಸುಗಲ್ಲು, ನಡುವೆ ತುಸು ತಗ್ಗು, ಸಿಕ್ಕಿದರೆ ಕಪ್ಪು ಬಸಾಲ್ಟಿನದು. ಅದರ ಮೇಲೆ ಬನ್ನಿನ ಆಕಾರದ ಇನ್ನೊಂದು ಕಲ್ಲು. ಹೆಂಗಸು ಹಾಸುಗಲ್ಲಿನ ಹಿಂದೆ ಮಂಡಿಯೂರಿ, ಮೇಲಿನ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ಮೈಭಾರವನ್ನೆಲ್ಲ ಬಿಟ್ಟು ಮುಂದಕ್ಕೆ ತಳ್ಳಬೇಕು, ಹಿಂದಕ್ಕೆ ಎಳೆದುಕೊಳ್ಳಬೇಕು. ಮಸಾಲೆ ಅರೆಯುವ ಚಪ್ಪಟೆ ಕಲ್ಲನ್ನು ಬಲ್ಲವರಿಗೆ ಇದು ಬೇಗ ಹೊಳೆಯುತ್ತದೆ. ಇಲ್ಲಿ ಒಪ್ಪುವ ಕ್ರಿಯಾಪದ ‘ಬೀಸು’ ಅಲ್ಲ, ‘ಅರೆ’.

ಕಲ್ಲಿನ ಆಕಾರ ಅಷ್ಟು ಮುಖ್ಯವೇ ಎಂದು ಕೇಳುವವರಿದ್ದಾರೆ. ಮುಖ್ಯವೇ, ಏಕೆಂದರೆ ಕಲ್ಲು ತಪ್ಪಿದರೆ ಮೂಲದ ವಾಕ್ಯಗಳೇ ಅರ್ಥ ಕಳೆದುಕೊಳ್ಳುತ್ತವೆ. ಬೈಬಲ್ಲಿನ ವಿಮೋಚನಕಾಂಡದ 11ನೇ ಅಧ್ಯಾಯದಲ್ಲಿ ದಾಸಿ ಕಲ್ಲಿನ ‘ಹಿಂದೆ’ ಇರುತ್ತಾಳೆ. ದುಂಡು ಕಲ್ಲಿಗೆ ಹಿಂದೆ ಮುಂದೆ ಎಲ್ಲಿಂದ ಬರಬೇಕು? ಧರ್ಮೋಪದೇಶಕಾಂಡ 24 ಬೀಸುವ ಕಲ್ಲನ್ನಾಗಲಿ ಅದರ ಮೇಲಿನ ಕಲ್ಲನ್ನಾಗಲಿ ಅಡವು ಇಟ್ಟುಕೊಳ್ಳಬಾರದು, ಅದು ಜೀವವನ್ನೇ ಅಡವು ಇಟ್ಟುಕೊಂಡಂತೆ ಎನ್ನುತ್ತದೆ. ಸಾಲ ಕೊಟ್ಟವನು ಮೇಲಿನ ಕಲ್ಲೊಂದನ್ನೇ ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದಿತ್ತು. ಅದು ಹೋದರೆ ಮರುದಿನ ಆ ಮನೆಯಲ್ಲಿ ರೊಟ್ಟಿಯಿಲ್ಲ. ವಿಧವೆಯ ಕಥೆ ಬರೆಯುವವರಿಗೆ ಇದಕ್ಕಿಂತ ಗಟ್ಟಿಯಾದ ದೃಶ್ಯ ಬೇಕೇ?

ತೇಬೇಚ್ ಎಂಬ ಊರಿನ ಹೆಂಗಸಿನ ಕಥೆಯಂತೂ ಇದಿಲ್ಲದೆ ಅರ್ಥವಾಗುವುದೇ ಇಲ್ಲ. ನ್ಯಾಯಸ್ಥಾಪಕರು 9ರಲ್ಲಿ ಆ ಊರನ್ನು ಮುತ್ತಿದ ಅಬೀಮೆಲೆಕನು ಜನ ಅಡಗಿದ್ದ ಗೋಪುರದ ಬಾಗಿಲಿಗೆ ಬೆಂಕಿಯಿಡಲು ಹತ್ತಿರ ಬರುತ್ತಾನೆ, ಮೇಲಿಂದ ಒಬ್ಬಳು ಕಲ್ಲೆಸೆದು ಅವನ ತಲೆ ಒಡೆಯುತ್ತಾಳೆ. ಹೀಬ್ರೂವಿನಲ್ಲಿ ಆ ಕಲ್ಲಿಗಿರುವ ಹೆಸರು ‘ರೆಖೆವ್’, ಸವಾರಿ ಮಾಡುವುದು ಎಂಬ ಧಾತುವಿನಿಂದ ಬಂದದ್ದು. ಹಾಸುಗಲ್ಲಿನ ಮೇಲೆ ಸವಾರಿ ಮಾಡುವ ಕಲ್ಲು. ಕರಡುಗಳಲ್ಲಿ ಅವಳು ದೈವಬಲದಿಂದ ದೊಡ್ಡ ಚಕ್ರವನ್ನೇ ಎತ್ತಿ ಎಸೆಯುತ್ತಾಳೆ. ಅಷ್ಟೆಲ್ಲ ಬೇಕಿಲ್ಲ. ಒಬ್ಬಳ ಕೈಗೆ ಆಗುವ ಕಲ್ಲು ಅದು, ದಿನವೂ ಅದೇ ಕೈ ಹಿಡಿದದ್ದು. ಊರೊಳಗಿನ ಆ ಗೋಪುರಕ್ಕೆ ಓಡುವಾಗ ಅವಳು ಮನೆಯಿಂದ ಎತ್ತಿಕೊಂಡದ್ದು ಅದನ್ನೇ ಇರಬಹುದು. ಮೂಲದಲ್ಲಿ ಇದಿಲ್ಲ, ಆದರೆ ಕಾದಂಬರಿಕಾರರಿಗೆ ಊಹಿಸುವ ಹಕ್ಕು ಇರುವುದು ಇಂಥ ಕಡೆಯೇ.

ಈಗ ಲೆಕ್ಕಕ್ಕೆ ಬರೋಣ. ಒಬ್ಬರಿಗೆ ದಿನಕ್ಕೆ ಸುಮಾರು ಅರ್ಧ ಕೆ.ಜಿ. ಹಿಟ್ಟು ಬೇಕು ಎಂಬುದು ತಜ್ಞರ ಅಂದಾಜು. ಐದಾರು ಜನರ ಮನೆಗೆ ಇಂಥ ಕಲ್ಲಿನಲ್ಲಿ ಅರೆಯಲು ದಿನಕ್ಕೆ ಎರಡು ಮೂರು ತಾಸು ಹಿಡಿಯುತ್ತದೆ. ಕಾಳು ಒದ್ದೆಯಾಗಿದ್ದರೆ ಅಥವಾ ಕಲ್ಲು ನುಣುಪಾಗಿದ್ದರೆ ಇನ್ನೂ ಹೆಚ್ಚು. ನುಣುಪಾದ ಕಲ್ಲಿಗೆ ಮುಳ್ಳು ಹುಯ್ದು ಮತ್ತೆ ಒರಟು ಮಾಡಬೇಕು, ಹುಯ್ದ ಮೊದಲ ದಿನ ಹಿಟ್ಟಿನಲ್ಲಿ ಕಲ್ಲುಪುಡಿ ಸಿಗುತ್ತದೆ. ಸಿರಿಯಾದ ಅಬು ಹುರೇರಾದಲ್ಲಿ, ರೂತಳ ಕಾಲಕ್ಕಿಂತ ಸಾವಿರಾರು ವರ್ಷ ಹಿಂದಿನ ಹೆಂಗಸರ ಅಸ್ಥಿಗಳಲ್ಲಿ, ಮಂಡಿಯೂರಿ ಅರೆದು ಸವೆದ ಕಾಲ್ಬೆರಳು, ಮಂಡಿ, ಸೊಂಟದ ಗುರುತುಗಳು ಸಿಕ್ಕಿವೆ. ಹಾಗಾಗಿ ನಿಮ್ಮ ನಾಯಕಿಯ ಅಂಗೈಯನ್ನಷ್ಟೇ ಒರಟು ಮಾಡಿದರೆ ಸಾಲದು. ನೋವು ಹೆಬ್ಬೆರಳಿನ ಬುಡದಲ್ಲಿದೆ, ಕಾಲಿನ ಹೆಬ್ಬೆರಳು.

ಹಾಡನ್ನು ತೆಗೆಯಬೇಕಿಲ್ಲ, ಲಯ ಬದಲಿಸಿ. ತಿರುಗುವ ಕಲ್ಲಿನ ಹಾಡು ಸುತ್ತಿ ಸುತ್ತಿ ಬರುತ್ತದೆ. ತಳ್ಳುವ ಕಲ್ಲಿನಲ್ಲಿ ತಳ್ಳುವಾಗ ಉಸಿರು ಹೊರಗೆ, ಎಳೆಯುವಾಗ ಒಳಗೆ, ಆದ್ದರಿಂದ ಸಾಲು ಗಿಡ್ಡವಾಗಲೇಬೇಕು. ಅತ್ತೆ ಸೊಸೆಯ ಮಾತುಕತೆ ಬೇಕಿದ್ದರೆ ಇಬ್ಬರಿಗೆ ಎರಡು ಕಲ್ಲು ಹಾಕಿ, ಪಕ್ಕಪಕ್ಕದಲ್ಲಿ ಕೂರಿಸಿ. ಯೇಸುವಿನ, ಅಂದರೆ ರೋಮನ್ನರ ಕಾಲದ, ಗಲಿಲಾಯದ ಮರಿಯಳು, ಬೇಥಾನ್ಯದ ಮಾರ್ಥಳು ಇವರ ಕಥೆಯಾದರೆ ತಿರುಗುವ ಕಲ್ಲು ಧಾರಾಳವಾಗಿ ಇರಲಿ. ಮತ್ತಾಯ 24ರಲ್ಲಿ ಜತೆಯಾಗಿ ಬೀಸುವ ಇಬ್ಬರು ಹೆಂಗಸರು ಅಲ್ಲಿಗೆ ಒಪ್ಪುತ್ತಾರೆ, 18ರಲ್ಲಿ ಕತ್ತೆ ಎಳೆಯುವ ದೊಡ್ಡ ಕಲ್ಲಿನ ಮಾತೂ ಇದೆ.

ಮಿಕ್ಕ ತಪ್ಪುಗಳು ಬೇಗ ತಿದ್ದುವಂಥವು. ರೂತಳ ಕಾಲದಲ್ಲಿ ನಾಣ್ಯವಿಲ್ಲ, ಬೆಳ್ಳಿಯನ್ನು ತೂಗುತ್ತಾರೆ, ಒಂದು ಶೆಕೆಲ್ ಸುಮಾರು 11 ಗ್ರಾಂ. ಯೇಸುವಿನ ಶಿಷ್ಯೆ ಮಗ್ದಲದ ಮರಿಯಳನ್ನು ವೇಶ್ಯೆಯೆಂದು ಸುವಾರ್ತೆಗಳು ಎಲ್ಲಿಯೂ ಹೇಳುವುದಿಲ್ಲ. ಬೇರೆ ಬೇರೆ ಹೆಂಗಸರನ್ನು ಅವಳೊಬ್ಬಳಲ್ಲಿ ಬೆರೆಸಿದ ಮಾತು ಪಶ್ಚಿಮದಲ್ಲಿ ಗಟ್ಟಿಯಾಗಿ ಊರಿದ್ದು 591ರ ಹೊತ್ತಿಗೆ ಪೋಪ್ ಮೊದಲನೆಯ ಗ್ರೆಗರಿಯ ಪ್ರವಚನದಿಂದ.

ರೂತಳಿಗೇ ಹಿಂದಿರುಗಿದರೆ, ಅವಳು ಮೊದಲ ದಿನ ಕೊಯ್ಲಿನವರು ಬಿಟ್ಟ ತೆನೆಗಳನ್ನು ಹಕ್ಕಲಾಯ್ದು ಸಂಜೆ ಕೋಲಿನಿಂದ ಬಡಿದಾಗ ಸಿಕ್ಕಿದ್ದು ಸುಮಾರು ಒಂದು ಏಫಾ ಜವೆಗೋದಿ. ಏಫಾ ಎಂದರೆ ಹತ್ತಿರ ಹತ್ತಿರ 22 ಲೀಟರು, ತೂಕದಲ್ಲಿ 13 ಕೆ.ಜಿ. ಆಸುಪಾಸು. ಹೊಟ್ಟು ಹೋಗಿಯೂ ಇಬ್ಬರಿಗೆ ಹತ್ತು ದಿನದ ರೊಟ್ಟಿ. ನೊವೊಮಿ ಅದನ್ನು ನೋಡಿದ ಮೇಲೆಯೇ ‘ಇವತ್ತು ಎಲ್ಲಿ ಆಯ್ದೆ’ ಎಂದು ಕೇಳುವುದು. ಬೆರಗು ಹುಟ್ಟುವುದು ಆ ರಾಶಿಯಿಂದ. ಕರಡುಗಳಲ್ಲಿ ಮಾತ್ರ ಸೊಸೆಯ ಕೆನ್ನೆ ಕೆಂಪಾದದ್ದನ್ನು ನೋಡಿ ಕೇಳುತ್ತಾಳೆ.

ರೂತಳು ಕಣಕ್ಕೆ ಹೋಗಿದ್ದ ರಾತ್ರಿಯ ಮರುದಿನ, ಅವಳು ಹಕ್ಕಲಾಯ್ದ ಹೊಲದ ಒಡೆಯ ಬೋವಜ ಅವಳಿಗೆ ಆರು ಅಳತೆ ಜವೆಗೋದಿ ಅಳೆದುಕೊಡುತ್ತಾನೆ. ಯಾವ ಅಳತೆ ಎಂದು ಮೂಲ ಹೇಳುವುದಿಲ್ಲ. ಓಮೆರ್ ಎಂದು ಹಿಡಿದರೆ ಎಂಟು ಕೆ.ಜಿ., ಸೆಯಾ ಎಂದರೆ ಇಪ್ಪತ್ತಾರಕ್ಕೂ ಹತ್ತಿರ. ಲೇಖಕರು ಒಂದನ್ನು ಆರಿಸಿಕೊಂಡು ಅದಕ್ಕೆ ತಕ್ಕಂತೆ ಅವಳನ್ನು ನಡೆಸಬೇಕು. ಇನ್ನೂ ಮುಖ ಗುರುತು ಸಿಗದ ಕತ್ತಲು, ಏರುದಾರಿ, ಗಂಟು ಕಟ್ಟಿದ ಮೇಲ್ಹೊದಿಕೆ. ಅವನೇ ಅದನ್ನು ಅವಳ ಮೇಲೆ ಹೊರಿಸಿದ ಎಂದಿದೆ. ಹೊರಿಸಬೇಕಾದಷ್ಟು ಭಾರವನ್ನು ಕೈಚೀಲದಂತೆ ಬೀಸಾಡಿಕೊಂಡು ಅವಳನ್ನು ಓಡಿಸಬೇಡಿ.