ಹಲ್ಲು ಜುಮ್ಮೆನ್ನುತ್ತಿರುವಾಗ ದವಡೆಯ ಶಸ್ತ್ರಚಿಕಿತ್ಸೆ ಮಾಡಿಸಬಹುದೇ?

ಪ್ರಶ್ನೆ: ನನಗೆ 24 ವರ್ಷ. ಕೆಳದವಡೆ ಮುಂದಕ್ಕೆ ಚಾಚಿರುವುದರಿಂದ ಶಸ್ತ್ರಚಿಕಿತ್ಸೆಗೆ ಸಿದ್ಧತೆಯಾಗಿ ಕ್ಲಿಪ್ ಹಾಕಿಸಿಕೊಂಡು ಒಂದೂವರೆ ವರ್ಷವಾಯಿತು. ಈಚೆಗೆ ತಣ್ಣೀರು ಕುಡಿದರೂ ಹುಳಿ ತಿಂದರೂ ಕೆಳಗಿನ ಮುಂಬದಿಯ ಹಲ್ಲುಗಳು ಜುಮ್ಮೆನ್ನುತ್ತವೆ. ಇನ್ನು ಮೂರು ತಿಂಗಳಲ್ಲಿ ಶಸ್ತ್ರಚಿಕಿತ್ಸೆ ಇದೆ. ಅದನ್ನು ಮುಂದೂಡಬೇಕೇ?

ಉತ್ತರ: ಇಷ್ಟಕ್ಕೇ ಮುಂದೂಡಬೇಕಾಗಿ ಬರುವುದು ಅಪರೂಪ. ಆದರೆ ಕಾರಣವೇನೆಂದು ಈ ಮೂರು ತಿಂಗಳೊಳಗೇ ತಿಳಿದುಕೊಳ್ಳುವುದು ಅಗತ್ಯ. ಶಸ್ತ್ರಚಿಕಿತ್ಸೆಯ ನಂತರ ಕೆಲವು ವಾರ ಬಾಯಿ ಸರಿಯಾಗಿ ತೆರೆಯುವುದಿಲ್ಲ. ಹಲ್ಲುಗಳಿಗೆ ತಾತ್ಕಾಲಿಕವಾಗಿ ಮರಗಟ್ಟಿದಂತಾಗುವುದರಿಂದ ಯಾವ ಹಲ್ಲಿಗೆ ತೊಂದರೆಯಿದೆಯೆಂದು ಪರೀಕ್ಷಿಸುವುದೂ ಕಷ್ಟ.

ನಿಮ್ಮಂಥವರಲ್ಲಿ ಕೆಳಗಿನ ಮುಂಬದಿಯ ಹಲ್ಲುಗಳು ಸಾಮಾನ್ಯವಾಗಿ ನಾಲಗೆಯ ಕಡೆಗೆ ವಾಲಿಕೊಂಡಿರುತ್ತವೆ. ಅವನ್ನು ನೆಟ್ಟಗೆ ಮಾಡಲು ಕ್ಲಿಪ್ ತುಟಿಯ ಕಡೆಗೆ ತಳ್ಳುತ್ತದೆ, ಹೀಗಾಗಿ ಶಸ್ತ್ರಚಿಕಿತ್ಸೆಗೆ ಮುನ್ನ ಕಚ್ಚುವಿಕೆ ಮೊದಲಿಗಿಂತ ಕೆಟ್ಟಂತೆ ಕಾಣುವುದು ಸಹಜ. ವಸಡು ತೆಳ್ಳಗಿದ್ದರೆ ಈ ಚಲನೆಯಲ್ಲಿ ಅದು ಕೆಳಗೆ ಸರಿದು ಬೇರು ಹೊರಗೆ ಕಾಣತೊಡಗಬಹುದು. ಬೇರಿಗೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನ ರಕ್ಷಣೆಯಿಲ್ಲ. ಅದರ ಡೆಂಟಿನ್ ಎಂಬ ಒಳಪದರದಲ್ಲಿರುವ ಸೂಕ್ಷ್ಮ ನಾಳಗಳೊಳಗಿನ ದ್ರವವು ತಂಪು, ಹುಳಿ, ಸಿಹಿಗಳಿಂದ ಅಲುಗಿದಾಗ ಒಳಗಿನ ನರ ಕೆರಳುತ್ತದೆ. ನೀವು ಅನುಭವಿಸುವ ಜುಮ್ಮೆಂದರೆ ಇದೇ.

ತಣ್ಣೀರು ತಾಗಿದಾಗ ಎದ್ದು ಕೆಲವೇ ಕ್ಷಣಗಳಲ್ಲಿ ಅಡಗುವ ನೋವಿಗೆ ಹೆಚ್ಚಾಗಿ ಈ ಕಾರಣವೇ ಇರುತ್ತದೆ. ನೋವು ನಿಮಿಷಗಟ್ಟಲೆ ಉಳಿದರೆ, ಬಿಸಿಗೆ ಹೆಚ್ಚಾದರೆ, ರಾತ್ರಿ ನಿದ್ದೆಗೆಡಿಸಿದರೆ ಅಥವಾ ಒಂದೇ ಹಲ್ಲು ಕಚ್ಚಿದಾಗ ನೋಯುತ್ತಿದ್ದರೆ ಹುಳುಕೋ ಬಿರುಕೋ ಇರಬಹುದು. ಹಲ್ಲಿನ ಸೋಂಕನ್ನು ಇಟ್ಟುಕೊಂಡು ದವಡೆಯ ಮೂಳೆ ಕತ್ತರಿಸುವುದು ಸರಿಯಲ್ಲವಾದ್ದರಿಂದ, ಅಂಥದ್ದಕ್ಕೆ ಫಿಲ್ಲಿಂಗ್ ಅಥವಾ ರೂಟ್ ಕೆನಾಲ್ ಚಿಕಿತ್ಸೆಯನ್ನು ಮೊದಲೇ ಮುಗಿಸಿಕೊಳ್ಳಬೇಕು.

ಬರೀ ಜುಮ್ಮಾದರೆ 5% ಪೊಟ್ಯಾಸಿಯಮ್ ನೈಟ್ರೇಟ್ ಅಥವಾ ಸ್ಟ್ಯಾನಸ್ ಫ್ಲೋರೈಡ್ ಇರುವ ಪೇಸ್ಟನ್ನು ದಿನಕ್ಕೆರಡು ಸಲ, ಮೃದುವಾದ ಬ್ರಷ್‌ನಿಂದ ಬಳಸಿ. ಉಜ್ಜಿದ ಮೇಲೆ ಪೇಸ್ಟನ್ನು ಉಗುಳಿದರೆ ಸಾಕು, ನೀರಿನಿಂದ ಮುಕ್ಕಳಿಸುವುದು ಬೇಡ. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕೇ ದಿನ ಹಚ್ಚಿ ಕೈಬಿಡಬೇಡಿ. ಇದ್ದಿಲು, ಉಪ್ಪಿನ ಪುಡಿಗಳಿಂದ ಉಜ್ಜಬೇಡಿ. ನಿಂಬೆಹಣ್ಣಿನ ಪಾನಕ ಕುಡಿದ ಕೂಡಲೇ ಬ್ರಷ್ ಹಿಡಿಯದೆ ಅರ್ಧ ಗಂಟೆಯಾದರೂ ಕಾಯಿರಿ. ಇದರಿಂದಲೂ ತಗ್ಗದಿದ್ದರೆ ದಂತವೈದ್ಯರು ಫ್ಲೋರೈಡ್ ವಾರ್ನಿಷ್ ಎಂಬ ಲೇಪ ಹಚ್ಚಬಹುದು. ವಸಡು ಬಹಳ ಸರಿದಿದ್ದರೆ ವಸಡಿನ ಕಸಿ ಯಾವಾಗ ಮಾಡಿಸಬೇಕೆಂದು ಆರ್ಥೊಡಾಂಟಿಸ್ಟ್ (ಕ್ಲಿಪ್ ಹಾಕುವ ದಂತವೈದ್ಯರು) ಮತ್ತು ಸರ್ಜನ್ ಇಬ್ಬರನ್ನೂ ಕೇಳಿ.

ಉಳಿದ ಸಿದ್ಧತೆಯಲ್ಲಿ ಮೊದಲು ಬುದ್ಧಿಹಲ್ಲಿನ ವಿಷಯ. ಕೆಳಗಿನ ಬುದ್ಧಿಹಲ್ಲು ಮೂಳೆ ಕತ್ತರಿಸುವ ಗೆರೆಯಲ್ಲೇ ಇರುವುದರಿಂದ ಅನೇಕ ಸರ್ಜನ್‌ಗಳು ಸುಮಾರು ಆರು ತಿಂಗಳ ಮೊದಲೇ ಅದನ್ನು ಕೀಳಿಸುತ್ತಾರೆ, ಕೆಲವರು ಶಸ್ತ್ರಚಿಕಿತ್ಸೆಯ ದಿನವೇ ತೆಗೆಯುತ್ತಾರೆ. ನಿಮ್ಮದು ಇನ್ನೂ ಇದ್ದರೆ ಈಗಲೇ ವಿಚಾರಿಸಿ. ರಕ್ತಹೀನತೆ ಇದ್ದರೆ ಸರಿಪಡಿಸಿಕೊಳ್ಳಲು ಮೂರು ತಿಂಗಳು ಒಳ್ಳೆಯ ಕಾಲಾವಕಾಶ. ಬೀಡಿ, ಸಿಗರೇಟು, ಗುಟ್ಕಾ ಗಾಯ ಮಾಯುವುದನ್ನು ತಡಮಾಡುತ್ತವೆ. ಅಭ್ಯಾಸವಿದ್ದರೆ ಇಂದೇ ಬಿಡಿ. ಸೇವಿಸುವ ಔಷಧಗಳನ್ನೆಲ್ಲ, ಆಯುರ್ವೇದದವನ್ನೂ ಸೇರಿಸಿ, ಅರಿವಳಿಕೆ ತಜ್ಞರಿಗೆ ತಿಳಿಸಿ. ಉಸಿರಾಟದ ನಳಿಕೆಯನ್ನು ಸಾಮಾನ್ಯವಾಗಿ ಮೂಗಿನ ಮೂಲಕ ಇಳಿಸುವುದರಿಂದ ಮೂಗು ಕಟ್ಟುವ ತೊಂದರೆಯಿದ್ದರೆ ಅದನ್ನೂ ಹೇಳಬೇಕು.

ಶಸ್ತ್ರಚಿಕಿತ್ಸೆಯ ನಂತರದ ಮೊದಲ ವಾರಗಳ ಆಹಾರ ದ್ರವರೂಪದ್ದೇ. ಸೋಸಿದ ರಾಗಿ ಗಂಜಿ, ಬೇಳೆಯ ಕಟ್ಟು, ಹಾಲು, ಮಜ್ಜಿಗೆ ಮನೆಯಲ್ಲೇ ಸಿಗುತ್ತವೆ. ಬಿಸಿಯಾಗಿಯೂ ಬೇಡ, ತೀರಾ ತಣ್ಣಗೂ ಬೇಡ. ಸಿಹಿ ಜ್ಯೂಸನ್ನು ದಿನವಿಡೀ ಗುಟುಕರಿಸಿದರೆ ಹುಳುಕೂ ಜುಮ್ಮೂ ಎರಡೂ ಹೆಚ್ಚುತ್ತವೆ. ಪ್ರತಿಸಲವೂ ಕುಡಿದ ನಂತರ ಬಾಯಿ ಮುಕ್ಕಳಿಸಿ, ಸರ್ಜನ್ ಒಪ್ಪಿದ ಮೇಲೆ ಮಕ್ಕಳ ಪುಟ್ಟ ಬ್ರಷ್ ಬಳಸಿ.

ಕೆಳದವಡೆಯ ಶಸ್ತ್ರಚಿಕಿತ್ಸೆಯ ನಂತರ ಕೆಳತುಟಿ, ಗದ್ದ ಮರಗಟ್ಟುವುದು ಸಾಮಾನ್ಯ. ಬಹುತೇಕರಲ್ಲಿ ಇದು ವಾರಗಳಿಂದ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಲ್ಲಿ ಸ್ವಲ್ಪ ಶಾಶ್ವತವಾಗಿ ಉಳಿಯುತ್ತದೆ. ಸ್ಪರ್ಶ ಮರಳುವಾಗ ಚುಳುಚುಳು ಅನ್ನಿಸಬಹುದು. ಅದನ್ನು ಈಗಿನ ಜುಮ್ಮಿನಿಂದ ಬೇರ್ಪಡಿಸಿ ನೋಡಲು, ಇಂದು ಯಾವ ಹಲ್ಲು ಯಾವುದಕ್ಕೆ ಎಷ್ಟು ಹೊತ್ತು ಜುಮ್ಮೆನ್ನುತ್ತದೆ ಎಂದು ಬರೆದಿಟ್ಟುಕೊಂಡು ಮುಂದಿನ ಭೇಟಿಗೆ ಆ ಹಾಳೆಯನ್ನು ಕೊಂಡೊಯ್ಯಿರಿ.